ತಟ್ಟೆ ಇಡ್ಲಿಗೆ ಬೆಣ್ಣೆ ಹಾಕಿಸ್ಕೊಳ್ಳಬಹುದಾ?

ತುಮಕೂರು ಅಮಾನಿಕೆರೆ ಹತ್ತಿರ ಬೆಳಗ್ಗೆ ನಡೆಯುವ ಐದು ಜನರ ಗುಂಪು ನಮ್ಮದು. ಭಾನುವಾರ ನಡಿಗೆ ಮುಗಿಸಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವುದು ರೂಢಿ. ವಾರವಿಡೀ ನಡೆದು ಕರಗಿಸಿದ್ದನ್ನು ಅರ್ಧ ಗಂಟೆಯಲ್ಲಿ ವಾಪಸ್ ತುಂಬಿಸಿಕೊಂಡು ಬರ್ತೀರಿ ಅಂತ ಮನೆಯಲ್ಲಿ ತಮಾಷೆ ಮಾಡುತ್ತಾರೆ. ಪೂರ್ತಿ ತಮಾಷೆಯೇನಲ್ಲ ಅದು.

ಈಗ ನಾವು ನಾಲ್ಕೇ ಜನ. ಹೋದ ವರ್ಷ ನಮ್ಮಲ್ಲೊಬ್ಬರು ತೀರಿಕೊಂಡರು. ವಯಸ್ಸು 54. ರಾತ್ರಿ ಎದೆ ಉರಿ ಅಂದರಂತೆ. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿದು ಮಲಗಿದರಂತೆ. ಬೆಳಗ್ಗೆ ಏಳಲಿಲ್ಲ. ಮಳೆ ಬಂದರೂ ಕೊಡೆ ಹಿಡಿದು ನಡೆಯಲು ಬರುತ್ತಿದ್ದವರು ಅವರೊಬ್ಬರೇ.

ತಿಥಿಯ ಊಟಕ್ಕೆ ಕೂತಾಗ ಗುಂಪಿನ ಇನ್ನೊಬ್ಬರು, ರಿಟೈರ್ ಆದ ಮೇಷ್ಟ್ರು, ಒಬ್ಬಟ್ಟಿನ ಮೇಲೆ ತುಪ್ಪ ಸುರಿಸಿಕೊಳ್ಳುತ್ತಾ ಹೇಳಿದರು: "ದಿನಾ ನಡೆಯೋನೇ ಹೋದ. ಇನ್ನು ನಾನ್ಯಾಕಪ್ಪಾ ನಡೀಲಿ? ಹಾಕಯ್ಯಾ ಇನ್ನೊಂದು ಸೌಟು."

ಯಾರೂ ಉತ್ತರ ಕೊಡಲಿಲ್ಲ. ಕೊಡುವ ಹೊತ್ತೂ ಅದಾಗಿರಲಿಲ್ಲ. ಆದರೆ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಏನು ಮಾಡಿದರೂ ಖಾತ್ರಿ ಇಲ್ಲ ಅಂದಮೇಲೆ ನಾಲಿಗೆ ಕಟ್ಟಿ ಬದುಕುವುದು ಯಾಕೆ? ಎಷ್ಟು ಕಟ್ಟಬೇಕು? ಎಲ್ಲಿ ಬಿಡಬಹುದು? ಆಮೇಲೆ ಓದಿದ್ದು, ಕೇಳಿದ್ದು, ಯೋಚಿಸಿದ್ದು ಸೇರಿಸಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಇದು ಔಷಧಿಯ ಮಾತಲ್ಲ, ಲೆಕ್ಕದ ಮಾತು.

ಚೀಟಿಯಲ್ಲ, ಖುಷ್ಕಿ ಹೊಲ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಸಣ್ಣವರಿದ್ದಾಗಿಂದ ಕೇಳಿದ ಗಾದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ಈ ಗಾದೆ ಮಾತ್ರ ಅರ್ಧ ಸುಳ್ಳು. ಜಗಳದ ವಿಷಯವನ್ನು ಮದುವೆಯಾದವರನ್ನು ಕೇಳಿ. ರೋಗದ ವಿಷಯದಲ್ಲಿ ತಪ್ಪಿರುವುದು 'ಇಲ್ಲ' ಅನ್ನುವ ಒಂದೇ ಪದ. ಊಟ ಬಲ್ಲವನಿಗೆ ರೋಗ ಬರುವ ಸಾಧ್ಯತೆ ಕಡಿಮೆ ಅಂದಿದ್ದರೆ ಸರಿಯಿತ್ತು. ಗಾದೆಯ ಲಯ ಕೆಡುತ್ತಿತ್ತು, ಅಷ್ಟೇ.

ನಾವು ಆರೋಗ್ಯವನ್ನು ಚೀಟಿ ಕಟ್ಟಿದ ಹಾಗೆ ನೋಡುತ್ತೇವೆ. ತಿಂಗಳು ತಿಂಗಳು ತಪ್ಪದೆ ಕಟ್ಟಿದರೆ ಒಂದು ದಿನ ಪೂರ್ತಿ ದುಡ್ಡು ಕೈಗೆ ಬರಬೇಕು. ಬರದಿದ್ದರೆ ಮೋಸ. (ಚೀಟಿಯಲ್ಲೂ ಎಷ್ಟೋ ಸಲ ಬರಲ್ಲ, ಅದು ಬೇರೆ ಮಾತು.) ಆದರೆ ಮೈ ಅನ್ನುವುದು ಚೀಟಿಯಲ್ಲ, ಖುಷ್ಕಿ ಹೊಲ. ಪಾವಗಡ, ಶಿರಾ ಕಡೆ ಮಳೆ ನಂಬಿ ಕಡ್ಲೆಕಾಯಿ ಬಿತ್ತುವವರನ್ನು ನೋಡಿ. ಹೊಲ ಉಳುತ್ತಾರೆ, ಗೊಬ್ಬರ ಹಾಕುತ್ತಾರೆ, ಒಳ್ಳೆ ಬೀಜ ಹುಡುಕುತ್ತಾರೆ. ಇಷ್ಟು ಮಾಡಿದರೆ ಬೆಳೆ ಬಂದೇ ಬರುತ್ತದೆ ಅಂತ ಅವರಲ್ಲಿ ಯಾರೂ ಹೇಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ಉತ್ತಿದ್ದೇ ತಪ್ಪಾಯಿತು ಅಂತಲೂ ಹೇಳುವುದಿಲ್ಲ. ಉಳುವುದು ಬೇರೆ, ಮಳೆ ಬೇರೆ ಅಂತ ಅವರಿಗೆ ಗೊತ್ತು.

ಹೃದಯದ ವಿಷಯಕ್ಕೆ ಬಂದರೆ ನಮಗೆ ಇದು ಮರೆತು ಹೋಗುತ್ತದೆ. 2021ರ ಅಕ್ಟೋಬರ್ 29 ನೆನಪಿದೆ ಅಲ್ವಾ? ಪುನೀತ್ ರಾಜ್‌ಕುಮಾರ್ ಹೋದ ದಿನ. 46 ವರ್ಷ. ಅವರು ಕಸರತ್ತು ಮಾಡುವ ವಿಡಿಯೋಗಳನ್ನು ನಾವೆಲ್ಲ ನೋಡಿದ್ದೆವು. ಅದಾದ ಮೇಲೆ ಒಂದಷ್ಟು ಜನ ಜಿಮ್ ಬಿಟ್ಟರು. ಇನ್ನೊಂದಷ್ಟು ಜನ ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ನೋಡಲು ಎರಡೂ ಉಲ್ಟಾ. ಒಳಗಿದ್ದ ಆಸೆ ಮಾತ್ರ ಒಂದೇ. ಇಬ್ಬರಿಗೂ ಖಾತ್ರಿ ಬೇಕಿತ್ತು. ಜಿಮ್ಮಿನಿಂದ ಅದು ಸಿಗಲ್ಲ ಅಂತ ಒಬ್ಬರು ಬಿಟ್ಟರು, ಇಸಿಜಿಯಿಂದ ಸಿಗುತ್ತದೆ ಅಂತ ಇನ್ನೊಬ್ಬರು ಹೋದರು.

ಇಸಿಜಿಯಿಂದಲೂ ಸಿಗುವುದಿಲ್ಲ. ಮಲಗಿಸಿ ತೆಗೆಯುವ ಇಸಿಜಿ ಆ ಹೊತ್ತಿನ ಹೃದಯದ ಸ್ಥಿತಿ ಹೇಳುತ್ತದೆ, ಮುಂದಿನ ತಿಂಗಳಿನದ್ದಲ್ಲ. ಹೆಚ್ಚಿನ ಹೃದಯಾಘಾತಗಳಲ್ಲಿ ಆಗುವುದು ಇಷ್ಟು: ರಕ್ತನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ಒಂದು ಉಬ್ಬು ಬೆಳೆದಿರುತ್ತದೆ. ಒಂದು ದಿನ ಅದರ ಮೇಲ್ಪದರ ಬಿರಿಯುತ್ತದೆ. ಗಾಯವಾಯಿತು ಅಂತ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ದಾರಿ ಬಂದ್. ಬಿರಿಯುವ ಉಬ್ಬು ದೊಡ್ಡದೇ ಆಗಿರಬೇಕು ಅಂತಿಲ್ಲ. ಅರ್ಧ ದಾರಿಯನ್ನೂ ಮುಚ್ಚಿರದ, ಏನೂ ತೊಂದರೆ ಕೊಟ್ಟಿರದ ಸಣ್ಣ ಉಬ್ಬೂ ಬಿರಿಯಬಹುದು. ಉಬ್ಬು ಬೆಳೆಯುವುದರಲ್ಲಿ ಬೀಡಿ, ಬಿಪಿ, ಶುಗರ್‌ಗಳ ಕೈವಾಡ ದೊಡ್ಡದು. ಯಾವ ದಿನ ಬಿರಿಯುತ್ತದೆ ಅನ್ನುವುದು ಬಹುಪಾಲು ಅದೃಷ್ಟ.

ಕೇರಳ ಮೂಲದ, ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಡಾಕ್ಟರಿಕೆ ಓದಿದ ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ಒಂದು ಅಧ್ಯಯನ ನಡೆಯಿತು. ಹೆಸರು ಇಂಟರ್‌ಹಾರ್ಟ್. 2004ರಲ್ಲಿ ಫಲಿತಾಂಶ ಬಂತು. ಮೊದಲ ಸಲ ಆಗುವ ಹೃದಯಾಘಾತಗಳಲ್ಲಿ ಸುಮಾರು ಶೇ 90ರಷ್ಟನ್ನು ಒಂಬತ್ತು ಕಾರಣಗಳಿಂದ ವಿವರಿಸಬಹುದು ಅಂತ ಅದು ಹೇಳಿತು. ಹೊಗೆ, ಕೊಲೆಸ್ಟರಾಲ್, ಬಿಪಿ, ಶುಗರ್, ಹೊಟ್ಟೆ ಬೊಜ್ಜು, ಮನಸ್ಸಿನ ಒತ್ತಡ ಎಲ್ಲ ಅದರಲ್ಲಿವೆ. ಅದೇ ಮಾಹಿತಿಯಿಂದ ಗೊತ್ತಾದ ಇನ್ನೊಂದು ಸಂಗತಿ: ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು 53. ಉಳಿದ ಕಡೆ 59. ನಮ್ಮ ಸ್ನೇಹಿತರು ಆ 53ರ ಆಸುಪಾಸಿನಲ್ಲೇ ಹೋದರು.

ಇನ್ನೊಂದು ಮಾತು. ಅವರು ದಿನಾ ನಡೆಯುವುದು ಊರಿಗೆಲ್ಲ ಕಾಣುತ್ತಿತ್ತು. ಅವರ ಬಿಪಿ ಎಷ್ಟಿತ್ತು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಒಂಬತ್ತರಲ್ಲಿ ಒಂದನ್ನು ಕಂಡು 'ಎಲ್ಲ ಸರಿಯಾಗಿ ಮಾಡ್ತಿದ್ದ' ಅಂದುಬಿಟ್ಟೆವು.

ಬೀಡಿ ತಾತನ ಸಾಕ್ಷಿ

ಈ ಥರ ಮಾತು ಶುರುವಾದರೆ ಅರಳಿಕಟ್ಟೆಯಲ್ಲಿ ಒಬ್ಬರಾದರೂ ಬೀಡಿ ತಾತನನ್ನು ಕರೆತರುತ್ತಾರೆ. ಪ್ರತಿ ಹಳ್ಳಿಯಲ್ಲೂ ಒಬ್ಬ ಇದ್ದಾನೆ. ದಿನಕ್ಕೆ ಎರಡು ಕಟ್ಟು ಬೀಡಿ, ಸಂಜೆ ಒಂದು ಕ್ವಾರ್ಟರ್, 90 ವರ್ಷ, ಇನ್ನೂ ಹೊಲಕ್ಕೆ ಹೋಗುತ್ತಾನೆ. "ಅವನಿಗೇನಾಯ್ತು?"

ಅವನಿಗೆ ಏನೂ ಆಗಲಿಲ್ಲ. ಅದು ನಿಜವೇ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅನ್ನುವ ಇಬ್ಬರು 1951ರಲ್ಲಿ 34,439 ಗಂಡಸು ಡಾಕ್ಟರುಗಳ ಸಿಗರೇಟು ಅಭ್ಯಾಸ ಬರೆದಿಟ್ಟುಕೊಂಡರು. ಅವರನ್ನು 50 ವರ್ಷ ಹಿಂಬಾಲಿಸಿ 2004ರಲ್ಲಿ ಪೂರ್ತಿ ಲೆಕ್ಕ ಹೊರಬಂತು. ಕೊನೆವರೆಗೂ ಸೇದಿದವರು ಸರಾಸರಿ ಹತ್ತು ವರ್ಷ ಬೇಗ ಸತ್ತಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಜನರನ್ನು ಆ ಚಟವೇ ಕೊಂದಿತ್ತು.

ಅರ್ಧ ಅನ್ನುವುದನ್ನು ಗಮನಿಸಿ. ಇನ್ನರ್ಧ ಜನರನ್ನು ಸಿಗರೇಟು ಕೊಲ್ಲಲಿಲ್ಲ. ನಮ್ಮ ಬೀಡಿ ತಾತ ಆ ಇನ್ನರ್ಧದವನು. ಅವನು ಪವಾಡವೂ ಅಲ್ಲ, ವಿಜ್ಞಾನಕ್ಕೆ ಸವಾಲೂ ಅಲ್ಲ. ನಾಣ್ಯ ಚಿಮ್ಮಿದಾಗ ಅವನಿಗೆ ರಾಜ ಬಿತ್ತು. ಅವನ ಜೊತೆ ಬೀಡಿ ಸೇದುತ್ತಿದ್ದು 50ಕ್ಕೇ ಹೋದವರು ಅರಳಿಕಟ್ಟೆಗೆ ಬಂದು ಸಾಕ್ಷಿ ಹೇಳುವಂತಿಲ್ಲ. ಬದುಕಿ ಉಳಿದವನ ಮಾತು ಮಾತ್ರ ನಮಗೆ ಕೇಳಿಸುತ್ತದೆ. ತಾತ ಮಾಡಿದ್ದು ಸರಿ ಅಂತ ಅವನ 90 ವರ್ಷ ಹೇಳುವುದಿಲ್ಲ, ನಮ್ಮ ಸ್ನೇಹಿತರು ಮಾಡಿದ್ದು ತಪ್ಪು ಅಂತ ಅವರ 54 ವರ್ಷವೂ ಹೇಳುವುದಿಲ್ಲ.

ಎದುರು ಪಕ್ಷದವರ ಹತ್ತಿರವೂ ಸಾಕ್ಷಿಗಳಿದ್ದಾರೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಿಂದ 2019ರವರೆಗೆ, 111 ವರ್ಷ ಬದುಕಿದರು. ಮಿತವಾದ ಊಟ, ಬೆಳಗಿನ ಜಾವ ಏಳುವುದು, ಬಿಡುವಿಲ್ಲದ ಕೆಲಸ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರೂ ನೂರು ದಾಟಿದರು. ಇವರನ್ನು ತೋರಿಸಿ 'ಹಾಗೆ ಬದುಕಿದರೆ ನೂರು ಗ್ಯಾರಂಟಿ' ಅನ್ನುವುದೂ ಬೀಡಿ ತಾತನ ವಾದದ ಅಣ್ಣನೇ. ಸ್ವಾಮಿಗಳ ಊಟದ ಕ್ರಮವನ್ನು ನಾವು ನಕಲು ಮಾಡಬಹುದು, ಅವರ ಜೀನ್‌ಗಳನ್ನು ಮಾಡಲಾಗುವುದಿಲ್ಲ. ಹಾಗೆಯೇ ಉಂಡು, ಹಾಗೆಯೇ ಎದ್ದು 70ಕ್ಕೆ ಹೋದ ಎಷ್ಟೋ ಜನರ ಹೆಸರು ಎಲ್ಲೂ ಬರೆದಿಲ್ಲ.

ನೂರರಲ್ಲಿ ಒಬ್ಬ

2015ರಲ್ಲಿ ಒಂದು ಸುದ್ದಿ ಬಂತು. ಸಾಸೇಜ್, ಹ್ಯಾಮ್ ಥರದ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿತು. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ 18ರಷ್ಟು ಜಾಸ್ತಿ. ಇಂಥ ಸುದ್ದಿ ವಾಟ್ಸಾಪ್‌ಗೆ ಬರುವ ಹೊತ್ತಿಗೆ 'ಮಾಂಸ ತಿಂದರೆ ಕ್ಯಾನ್ಸರ್, ನೂರಕ್ಕೆ 18 ಜನಕ್ಕೆ' ಆಗಿಬಿಡುತ್ತದೆ.

ಶೇ 18 ಅಂದರೆ ಯಾವುದರ ಮೇಲೆ 18? ಅದು ಇಲ್ಲಿಯ ಮುಖ್ಯ ಪ್ರಶ್ನೆ. ಬ್ರಿಟನ್ನಿನ ಲೆಕ್ಕ ತೆಗೆದುಕೊಂಡರೆ, ನೂರು ಜನರಲ್ಲಿ ಸುಮಾರು ಆರು ಜನಕ್ಕೆ ಜೀವಮಾನದಲ್ಲಿ ಈ ಕ್ಯಾನ್ಸರ್ ಬರುತ್ತದೆ. ಆರರ ಮೇಲೆ ಶೇ 18 ಅಂದರೆ ಒಂದು ಚಿಲ್ಲರೆ. ಅಂದರೆ ನೂರು ಜನ ಬದುಕಿಡೀ ದಿನಾ ತಿಂದರೆ ಆರರ ಜಾಗದಲ್ಲಿ ಏಳು. 93 ಜನ ತಿಂದೂ ಪಾರು. ಆರು ಜನಕ್ಕೆ ತಿನ್ನದಿದ್ದರೂ ಬರುತ್ತಿತ್ತು. ಬದಲಾದದ್ದು ಒಬ್ಬನ ಹಣೆಬರಹ. ಆ ಒಬ್ಬ ಯಾರು ಅಂತ ಯಾವ ಡಾಕ್ಟರೂ ಹೇಳಲಾರ.

ಹಾಗಾದರೆ ಇದು ದೊಡ್ಡದೋ ಚಿಕ್ಕದೋ? ಎರಡೂ. ಆರು ಕೋಟಿ ಜನರ ದೇಶದ ಆರೋಗ್ಯ ಮಂತ್ರಿಗೆ ಇದು ದೊಡ್ಡದು. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋದಾಗ ಒಂದು ಸಾಸೇಜ್ ತಿನ್ನುವ ನನ್ನ ಮಗನಿಗೆ ಚಿಕ್ಕದು. ಜೆಫ್ರಿ ರೋಸ್ ಎಂಬ ಬ್ರಿಟಿಷ್ ವೈದ್ಯವಿಜ್ಞಾನಿ 1981ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಇಡೀ ಸಮಾಜಕ್ಕೆ ಭಾರಿ ಲಾಭ ತರುವ ಮುನ್ನೆಚ್ಚರಿಕೆ, ಅದನ್ನು ಪಾಲಿಸುವ ಒಬ್ಬೊಬ್ಬನಿಗೆ ಕೊಡುವುದು ಅಷ್ಟಷ್ಟೇ. ಹೆಲ್ಮೆಟ್ ನೋಡಿ. ಹೆದ್ದಾರಿಯಲ್ಲಿ ಸಾವಿರ ಸಲ ಹೆಲ್ಮೆಟ್ ಹಾಕಿ ಹೋಗಿ, ಒಂದು ಸಲವೂ ಬೀಳದೆ ಮನೆಗೆ ಬರುತ್ತೇವೆ. ಬಿದ್ದಾಗಲೂ ಅದು ಎಲ್ಲರನ್ನೂ ಉಳಿಸುವುದಿಲ್ಲ. ಹಲವು ಅಧ್ಯಯನ ಸೇರಿಸಿ ನೋಡಿದಾಗ ಸಾವಿನ ಅಪಾಯ ಶೇ 42ರಷ್ಟು ಇಳಿಯುತ್ತದೆ ಅಂತ ಕಂಡಿದೆ. ನೂರಕ್ಕೆ ನೂರಲ್ಲ. ಹೆಲ್ಮೆಟ್ ಹಾಕಿದ್ದ ಒಬ್ಬ ಸತ್ತರೆ 'ಇನ್ನು ನಾನ್ಯಾಕೆ ಹಾಕಲಿ' ಅಂತ ನಮ್ಮ ಮೇಷ್ಟ್ರೂ ಕೇಳಲಿಕ್ಕಿಲ್ಲ.

ಆದ್ದರಿಂದ ಪೇಪರಿನಲ್ಲಿ ಶೇಕಡಾ ಕಂಡಾಗ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನೂರು ಜನರಲ್ಲಿ ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು? ದಿನಾ ಮಾಡುವವರ ಲೆಕ್ಕವೋ, ಹಬ್ಬಕ್ಕೊಮ್ಮೆ ಮಾಡುವವರದೋ? ಮುಕ್ಕಾಲು ಭಯ ಅಲ್ಲೇ ಇಳಿಯುತ್ತದೆ. ಉಳಿದ ಕಾಲು ಭಾಗ ನಿಜವಾಗಿ ಹೆದರಬೇಕಾದದ್ದು.

"ಏನು ತಿಂತಿದ್ರಿ?"

ಖಾತ್ರಿಯ ಆಸೆಗೆ ಇನ್ನೊಂದು ಮುಖ ಇದೆ. ನನಗೆ ಅದು ಹೆಚ್ಚು ಕೆಟ್ಟದು ಅನಿಸುತ್ತದೆ.

ಕುಣಿಗಲ್ ಕಡೆಯ ನಮ್ಮ ಚಿಕ್ಕಮ್ಮನಿಗೆ 49ಕ್ಕೆ ಸ್ತನ ಕ್ಯಾನ್ಸರ್ ಬಂತು. ಮುದ್ದೆ, ಸೊಪ್ಪಿನ ಸಾರು, ತೋಟದ ಕೆಲಸ. ಎಲೆ ಅಡಿಕೆ ಕೂಡ ಹಾಕದ ಹೆಂಗಸು. ನೋಡಲು ಬಂದವರೆಲ್ಲ ಕಿತ್ತಳೆ ಹಣ್ಣಿನ ಜೊತೆ ಒಂದು ಪ್ರಶ್ನೆಯನ್ನೂ ತರುತ್ತಿದ್ದರು. "ಏನು ತಿಂತಿದ್ರಿ? ಪ್ಲಾಸ್ಟಿಕ್ ಡಬ್ಬಿ ಬಳಸ್ತಿದ್ರಾ? ತುಂಬಾ ಟೆನ್ಷನ್ ಮಾಡ್ಕೊಳ್ತಿದ್ರಾ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಚಿಕ್ಕಮ್ಮ ಮಾಡಿದ ತಪ್ಪು ಯಾವುದು ಅಂತ ಗೊತ್ತಾದರೆ, ಅದನ್ನು ತಾವು ಮಾಡದೆ ಪಾರಾಗಬಹುದು ಅನ್ನುವ ಲೆಕ್ಕ. ಚಿಕ್ಕಮ್ಮ ಒಂದು ದಿನ ಸುಸ್ತಾಗಿ ಹೇಳಿದರು: "ಕಾಯಿಲೆ ಬಂದಿರೋದು ಒಂದು ಕಡೆ, ಅದಕ್ಕೆ ಲೆಕ್ಕ ಒಪ್ಪಿಸೋದು ಇನ್ನೊಂದು ಕಡೆ."

ನಮ್ಮ ಮೈಯ ಜೀವಕೋಶಗಳು ದಿನವೂ ಒಡೆದು ಎರಡಾಗುತ್ತವೆ. ಪ್ರತಿ ಸಲ ಡಿಎನ್‌ಎ ನಕಲಾಗಬೇಕು. ನಕಲಿನಲ್ಲಿ ತಪ್ಪುಗಳು ಬೀಳುತ್ತವೆ. ಹೆಚ್ಚಿನವು ಸರಿಯಾಗುತ್ತವೆ, ಕೆಲವು ಉಳಿಯುತ್ತವೆ. ಟೊಮಾಸೆಟ್ಟಿ ಮತ್ತು ವೋಗೆಲ್‌ಸ್ಟೀನ್ ಅನ್ನುವ ಅಮೆರಿಕದ ವಿಜ್ಞಾನಿಗಳು 2017ರಲ್ಲಿ ಲೆಕ್ಕ ಹಾಕಿದರು. ಕ್ಯಾನ್ಸರ್‌ಗೆ ದಾರಿ ಮಾಡುವ ಡಿಎನ್‌ಎ ತಪ್ಪುಗಳಲ್ಲಿ ಸುಮಾರು ಮೂರನೇ ಎರಡು ಭಾಗ ಇಂಥ ಆಕಸ್ಮಿಕ ನಕಲು ತಪ್ಪುಗಳು. ಇದು ತಪ್ಪುಗಳ ಪಾಲು, ಕಾಯಿಲೆಯ ಪಾಲಲ್ಲ. ಒಂದು ಕ್ಯಾನ್ಸರ್‌ಗೆ ಹಲವು ತಪ್ಪುಗಳು ಒಟ್ಟಾಗಬೇಕು. ಅದರಲ್ಲಿ ಒಂದನ್ನು ತಡೆದರೂ ಕಾಯಿಲೆ ತಪ್ಪಬಹುದು. ಹಾಗಾಗಿಯೇ ಕ್ಯಾನ್ಸರ್‌ಗಳಲ್ಲಿ ಶೇ 30ರಿಂದ 50ರಷ್ಟನ್ನು ತಡೆಯಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದದ್ದು ಯಾರ ತಪ್ಪೂ ಅಲ್ಲ. ಚಿಕ್ಕಮ್ಮನದಂತೂ ಅಲ್ಲ.

ಕೆಲವು ಸಲ ಅಪಾಯ ಇರುವುದು ನಮ್ಮ ನಡತೆಯಲ್ಲೂ ಅಲ್ಲ, ಕಾಲ ಕೆಳಗಿನ ಕಲ್ಲಿನಲ್ಲಿ. ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಪಾವಗಡದ ಆಳದ ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮಿತಿ. ಅದಕ್ಕಿಂತ ಮೇಲಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಇನ್ನೂ ಜಾಸ್ತಿಯಾದರೆ ಮೂಳೆ, ಕೀಲು ಬಿಗಿಯುತ್ತವೆ. ಆರೋಗ್ಯಕ್ಕೆ ಒಳ್ಳೆಯದು ಅಂತ ನೀರು ಕುದಿಸಿ ಕುಡಿಯುವವರಿದ್ದಾರೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಇಲ್ಲಿ ಬೇಕಾದದ್ದು ಶಿಸ್ತಿನ ಬದುಕಲ್ಲ, ಊರಿಗೊಂದು ಕೆಲಸ ಮಾಡುವ ಶುದ್ಧ ನೀರಿನ ಘಟಕ.

ಮೊದಲ ಇಪ್ಪತ್ತು ನಿಮಿಷ

ಅದೃಷ್ಟದ ಪಾಲು ಇಷ್ಟಿದ್ದರೂ ನಮ್ಮ ಪಾಲು ಸಣ್ಣದಲ್ಲ. ಒಳ್ಳೆಯ ಸುದ್ದಿ ಅಂದರೆ ಆ ಪಾಲಿನ ಬಹುಭಾಗ ಸುಲಭಕ್ಕೆ ಸಿಗುತ್ತದೆ.

ದಿನಕ್ಕೆ 10,000 ಹೆಜ್ಜೆ ಅಂತ ಮೊಬೈಲ್ ಹೇಳುತ್ತದಲ್ಲ, ಆ ಸಂಖ್ಯೆ ಯಾವ ಲ್ಯಾಬಿನಿಂದಲೂ ಬಂದದ್ದಲ್ಲ. ಜಪಾನಿನಲ್ಲಿ 1965ರಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು 'ಮಾನ್ಪೋಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಹೆಸರು ಚೆನ್ನಾಗಿತ್ತು, ಅಂಟಿಕೊಂಡಿತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಹೆಂಗಸರನ್ನು ಗಮನಿಸಿದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ನಡೆದವರಲ್ಲಿ ಸಾವು ಶೇ 41ರಷ್ಟು ಕಡಿಮೆ ಇತ್ತು. ಹೆಜ್ಜೆ ಏರಿದಂತೆ ಲಾಭ ಏರಿ, 7,500ರ ಹತ್ತಿರ ನಿಂತುಬಿಟ್ಟಿತು. (ಗಟ್ಟಿ ಇದ್ದವರೇ ಹೆಚ್ಚು ನಡೆದಿರಬಹುದು, ಆ ಅನುಮಾನ ಇಂಥ ಅಧ್ಯಯನಕ್ಕೆ ಯಾವಾಗಲೂ ಇರುತ್ತದೆ.)

ಕೇಂಬ್ರಿಡ್ಜಿನ ಡೇವಿಡ್ ಸ್ಪೀಗಲ್‌ಹಾಲ್ಟರ್ ಎಂಬ ಸಂಖ್ಯಾಶಾಸ್ತ್ರಜ್ಞ 2012ರಲ್ಲಿ ಇದನ್ನು ಇನ್ನೂ ಚೆನ್ನಾಗಿ ತೋರಿಸಿದರು. ಆಯಸ್ಸನ್ನು ಅರ್ಧ ಅರ್ಧ ಗಂಟೆಯ ಚೂರುಗಳಾಗಿ ಒಡೆದರು. ಸರಾಸರಿ ಲೆಕ್ಕದಲ್ಲಿ ಎರಡು ಸಿಗರೇಟು ಒಂದು ಚೂರನ್ನು ತಿನ್ನುತ್ತದೆ. ದಿನದ ಮೊದಲ 20 ನಿಮಿಷದ ವ್ಯಾಯಾಮ ಎರಡು ಚೂರು, ಅಂದರೆ ಒಂದು ಗಂಟೆ ಕೊಡುತ್ತದೆ. ಅದರ ಮೇಲಿನ 40 ನಿಮಿಷ ಕೊಡುವುದು ಒಂದೇ ಚೂರು.

ಈ ಲೆಕ್ಕ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮೊದಲ 20 ನಿಮಿಷ ಹಾಕಿದರೆ 60 ವಾಪಸ್. ಮಾರ್ವಾಡಿಯೂ ಕೊಡದ ಬಡ್ಡಿ. ಆಮೇಲಿನ 40 ನಿಮಿಷ ಹಾಕಿದರೆ ಸಿಗುವುದು 30. ಹತ್ತು ನಿಮಿಷ ಲಾಸ್! ನಡಿಗೆ ನಿಮಗೆ ಶಿಕ್ಷೆಯಾಗಿದ್ದರೆ ಅಲ್ಲಿಗೆ ನಿಲ್ಲಿಸಿ ಮನೆಗೆ ಹೋಗಬಹುದು. ಆದರೆ ಕೆರೆಯ ಗಾಳಿ, ನೀರುಹಕ್ಕಿ, ಮೇಷ್ಟ್ರ ರಾಜಕೀಯ ಭಾಷಣ ಇವೆಲ್ಲ ಇಷ್ಟವಿದ್ದರೆ ಆ 40 ನಿಮಿಷ ಖರ್ಚೇ ಅಲ್ಲ. ಅದು ಬದುಕಿದ ಹೊತ್ತು. ಆಯಸ್ಸು ಒಂದು ನಿಮಿಷ ಬೆಳೆಯದಿದ್ದರೂ ಲಾಭವೇ. ಫಲ ಖಾತ್ರಿ ಇಲ್ಲದ ಕೆಲಸದಲ್ಲಿ, ಮಾಡುವಾಗಲೇ ಕೂಲಿ ಸಿಗುವಂಥದ್ದನ್ನು ಆರಿಸಿಕೊಳ್ಳಬೇಕು ಅನ್ನುವುದು ನನಗೆ ಹೊಳೆದದ್ದು ಇಲ್ಲಿ. ಊಟವಾದ ಮೇಲೆ ಹತ್ತು ನಿಮಿಷ ಅಡ್ಡಾಡಿದರೆ ಶುಗರ್ ಏರುವುದು ಅವತ್ತೇ ತಗ್ಗುತ್ತದೆ. ನಡೆದ ದಿನ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ದೇವರಾಯನದುರ್ಗದ ಮೆಟ್ಟಿಲು ಏದುಸಿರಿಲ್ಲದೆ ಹತ್ತಿದರೆ ಆ ಖುಷಿಗೆ 90 ವರ್ಷ ಕಾಯಬೇಕಿಲ್ಲ.

ಹಾಗೆ ನೋಡಿದರೆ ಹಟ ಹಿಡಿಯಬೇಕಾದ ವಿಷಯ ಬೆರಳೆಣಿಕೆ. ಹೊಗೆ ಮೊದಲನೆಯದು. ಡಾಲ್ ಲೆಕ್ಕದಲ್ಲಿ 50ಕ್ಕೆ ಬಿಟ್ಟವರಿಗೂ ಆರು ವರ್ಷ ವಾಪಸ್ ಸಿಕ್ಕಿತು, 60ಕ್ಕೆ ಬಿಟ್ಟವರಿಗೆ ಮೂರು. ಕಡ್ಡಿಪುಡಿಯೂ ಅದೇ ಜಾತಿ. ಅಡಿಕೆಯ ವಿಷಯ ನಮ್ಮ ಜಿಲ್ಲೆಯಲ್ಲಿ ಮಾತಾಡುವುದು ಕಷ್ಟ, ನಮ್ಮ ನೆಂಟರಲ್ಲೇ ಅರ್ಧ ಜನ ಅಡಿಕೆ ತೋಟದವರು. ಆದರೂ ಹೇಳಬೇಕು: ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ 2004ರಲ್ಲೇ ಅಂತರರಾಷ್ಟ್ರೀಯ ವರದಿ ಬಂದಿದೆ. ಮದುವೆ ಮನೆಯ ಒಂದು ಬೀಡಾಕ್ಕೂ ಇಡೀ ದಿನ ದವಡೆಯಲ್ಲಿ ಇಟ್ಟುಕೊಳ್ಳುವುದಕ್ಕೂ ವ್ಯತ್ಯಾಸ ಬಹಳ. ಆಮೇಲೆ ಬಿಪಿ, ಶುಗರ್ ನೋಡಿಸಿಕೊಳ್ಳುವುದು, ಮಾತ್ರೆ ಕೊಟ್ಟಿದ್ದರೆ ನುಂಗುವುದು. 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಶೇ 11.4 ಜನಕ್ಕೆ ಶುಗರ್, ಶೇ 35.5 ಜನಕ್ಕೆ ಬಿಪಿ. ಎರಡೂ ನೋವು ಕೊಡದೆ ಬೆಳೆಯುವ ಕಾಯಿಲೆಗಳು. 'ನಾವು ಮುದ್ದೆ ತಿನ್ನೋರು, ನಮಗೆಲ್ಲಿ ಶುಗರ್' ಅನ್ನುವ ಮಾತನ್ನು ನಂಬಬೇಡಿ. ನೂರು ಗ್ರಾಂ ರಾಗಿಯಲ್ಲೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ನಾರು ಅಕ್ಕಿಗಿಂತ ಜಾಸ್ತಿ, ಕ್ಯಾಲ್ಸಿಯಂ ಬಹಳ ಜಾಸ್ತಿ, ಆದರೆ ಮುದ್ದೆ ತೆಂಗಿನಕಾಯಿ ಗಾತ್ರವಿದ್ದರೆ ಆ ಗುಣವೆಲ್ಲ ಸೇರಿಯೂ ಶುಗರ್ ತಡೆಯುವುದಿಲ್ಲ.

ಎದೆ ನೋವು ಬಂದರೆ ಸೋಡಾ ಕುಡಿದು ಮಲಗದಿರುವುದನ್ನೂ ಇದಕ್ಕೆ ಸೇರಿಸಬೇಕು. ಒತ್ತಿದ ಹಾಗೆ ನೋವು, ಬೆವರು, ಎಡಗೈ ಅಥವಾ ದವಡೆಗೆ ಹರಿಯುವ ಸೆಳೆತ ಇದ್ದರೆ 108ಕ್ಕೆ ಫೋನ್ ಮಾಡಬೇಕು. ಪುನೀತ್ ಹೆಸರಿನಲ್ಲೇ ಇರುವ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ನೋಡಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡಿದೆ. ಮೊದಲ ಗಂಟೆ ಮುಖ್ಯ. ಹತ್ತು ಸಲ ಹೋಗಿ ಹತ್ತು ಸಲವೂ ಬರೀ ಗ್ಯಾಸ್ಟ್ರಿಕ್ ಆಗಿದ್ದರೆ ನಷ್ಟವೇನು? ಆಟೋ ಚಾರ್ಜು, ಸ್ವಲ್ಪ ನಾಚಿಕೆ.

ಇವುಗಳ ಮುಂದೆ ಭಾನುವಾರದ ಬೆಣ್ಣೆ ಲೆಕ್ಕಕ್ಕೇ ಬರುವುದಿಲ್ಲ. ಹಬ್ಬದ ಒಬ್ಬಟ್ಟೂ ಅಷ್ಟೇ. ಶುಗರ್ ಇದ್ದವರು ಡಾಕ್ಟರನ್ನು ಕೇಳಿ ಅರ್ಧ ತಿನ್ನಲಿ. ಆದರೆ ಜನ ಮಾಡುವುದು ತಿರುಗಾಮುರುಗಾ. ಬೀಡಿ ಬಿಡುವುದಿಲ್ಲ, ಬಿಪಿ ಮಾತ್ರೆ 'ಅಭ್ಯಾಸ ಆಗಿಬಿಡುತ್ತೆ' ಅಂತ ನಿಲ್ಲಿಸುತ್ತಾರೆ, ಯಾವುದೋ ಬೀಜದ ಪುಡಿಯನ್ನು ಮಾತ್ರ ಬೆಳಗ್ಗೆ ತಪ್ಪದೆ ನುಂಗುತ್ತಾರೆ.

ನನ್ನ ಭಾವನ ಕಥೆ ಇನ್ನೊಂದು ಥರ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಗೊತ್ತಾದದ್ದೇ ತಡ, ಮದುವೆ ಮನೆಗಳಿಗೂ ತಮ್ಮದೇ ಡಬ್ಬಿ ತರಲು ಶುರು ಮಾಡಿದರು. ಪಂಕ್ತಿಯಲ್ಲಿ ಕೂರದೆ ಮೂಲೆಯಲ್ಲಿ ಮೊಳಕೆ ಕಾಳು ತಿನ್ನುತ್ತಿದ್ದರು. ಪಕ್ಕದವರ ಎಲೆ ನೋಡಿ ಗ್ರಾಂ ಲೆಕ್ಕ ಹೇಳುತ್ತಿದ್ದರು. ರಿಪೋರ್ಟು ಸ್ವಲ್ಪ ಸುಧಾರಿಸಿತು, ನಿಜ. ಅಷ್ಟರಲ್ಲಿ ಜನ ಅವರನ್ನು ಕರೆಯುವುದನ್ನೇ ಕಡಿಮೆ ಮಾಡಿದ್ದರು. ಮೂಗಿಗಿಂತ ಮೂಗುತಿ ಭಾರ. 2010ರಲ್ಲಿ 148 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಜನರ ಒಡನಾಟ ಗಟ್ಟಿ ಇದ್ದವರು ಬದುಕಿ ಉಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚು ಅಂತ ಕಂಡಿತ್ತು. ಕಾಯಿಲೆ ಬಿದ್ದವರಿಗೆ ಒಡನಾಟವೇ ಕಡಿಮೆಯಾಗಿರಬಹುದು, ಆದ್ದರಿಂದ ಪೂರ್ತಿ ಪುಣ್ಯವನ್ನು ಸ್ನೇಹಕ್ಕೆ ಕೊಡಲಾಗದು. ಆದರೂ ಕ್ಯಾತ್ಸಂದ್ರದ ಆ ಟೇಬಲ್ ಸುತ್ತ ಕೂತಾಗ, ಬೆಣ್ಣೆ ಮಾಡುವ ಕೆಡುಕಿಗಿಂತ ಆ ಕೂಟ ಮಾಡುವ ಒಳಿತು ಜಾಸ್ತಿ ಇರಬೇಕು ಅಂತ ನಾನಂತೂ ಅಂದುಕೊಂಡಿದ್ದೇನೆ.

ಅಕ್ಕಡಿ ಸಾಲು

ನಮ್ಮ ತಾತ ರಾಗಿ ಹೊಲದಲ್ಲಿ ಬರೀ ರಾಗಿ ಬಿತ್ತಿದ್ದನ್ನು ನಾನು ನೋಡಿಲ್ಲ. ನಡುನಡುವೆ ಅಕ್ಕಡಿ ಸಾಲು ಹಾಕುತ್ತಿದ್ದ. ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಹರಳು. ಮಳೆ ಸರಿಯಾಗಿ ಬಂದರೆ ರಾಗಿ. ರಾಗಿ ಒಣಗಿದರೂ ಆಳಕ್ಕೆ ಬೇರು ಬಿಟ್ಟ ತೊಗರಿ ಒಂದಷ್ಟು ಕೈಗೆ ಬರುತ್ತದೆ. ಏನೂ ಆಗದಿದ್ದರೆ ದನಕ್ಕೆ ಮೇವು. ಮಳೆ ಹೇಗಿರುತ್ತದೆ ಅಂತ ಗೊತ್ತಿಲ್ಲ ಅನ್ನುವುದನ್ನು ಒಪ್ಪಿಕೊಂಡೇ ಮಾಡಿದ ಬೇಸಾಯ ಅದು. ಡಿಸೆಂಬರಿನಲ್ಲಿ ಸೊನೆ ಅವರೆಕಾಯಿ ಬಂದಾಗ ಮುಂದಿನ ವರ್ಷದ ಮಳೆಯ ಚಿಂತೆಯಲ್ಲಿ ಹಿತಕಿದಬೇಳೆ ಸಾರು ಬಿಟ್ಟವರೂ ಯಾರೂ ಇರಲಿಲ್ಲ.

ನನ್ನ ಏರ್ಪಾಡೂ ಹಾಗೇ ಬೆರಕೆ. ನಡಿಗೆ ದಿನಾ ಅರ್ಧ ಗಂಟೆ, ತಪ್ಪಿದರೆ ತಪ್ಪಿತು. ಬಿಪಿ ಮಾತ್ರೆ ಮಾತ್ರ ತಪ್ಪಿಸುವುದಿಲ್ಲ. ಉಪ್ಪಿನಕಾಯಿ ಕಡಿಮೆ ಮಾಡಿದ್ದೇನೆ, ಬಿಟ್ಟಿಲ್ಲ. ದಿನಕ್ಕೆ ಒಂದು ಚಮಚದಷ್ಟು, ಅಂದರೆ 5 ಗ್ರಾಂ ಉಪ್ಪು ಸಾಕಂತೆ. ನಮ್ಮ ಮನೆಯ ಉಪ್ಸಾರಿಗೆ ಈ ವಿಷಯ ಇನ್ನೂ ಮುಟ್ಟಿಲ್ಲ. ಆರೋಗ್ಯ ವಿಮೆ ಮಾಡಿಸಿದ್ದೇನೆ. ಬ್ಯಾಂಕಿನ ಕಾಗದ ಯಾವ ಬೀರುವಿನಲ್ಲಿದೆ ಅಂತ ಹೆಂಡತಿಗೆ ತೋರಿಸಿದ್ದೇನೆ. ಅವಳಿಗೆ ಆ ಮಾತು ಇಷ್ಟವಾಗಲಿಲ್ಲ, ಆದರೆ ಬೀಗದ ಕೈ ಎಲ್ಲಿದೆ ಅಂತ ಕೇಳಿಕೊಂಡಳು.

ಮೇಷ್ಟ್ರು ಎರಡು ತಿಂಗಳ ಮೇಲೆ ಕೆರೆಗೆ ವಾಪಸ್ ಬಂದರು. ನನ್ನ ಲೆಕ್ಕ ಕೇಳಿ ಬಂದದ್ದಲ್ಲ. ಮನೆಯಲ್ಲಿ ಅವರ ರಾಜಕೀಯ ಮಾತು ಕೇಳುವವರು ಯಾರೂ ಇರಲಿಲ್ಲವಂತೆ. ಅವತ್ತು ಭಾನುವಾರ ಕ್ಯಾತ್ಸಂದ್ರದಲ್ಲಿ ಎರಡು ಇಡ್ಲಿ ಹೇಳಿ, ಒಂದಕ್ಕೆ ಮಾತ್ರ ಬೆಣ್ಣೆ ಹಾಕಿಸಿಕೊಂಡರು.

ನಾನು ಎರಡಕ್ಕೂ ಹಾಕಿಸಿಕೊಂಡೆ. ಮನೆಯಲ್ಲಿ ಬಿಪಿ ನೋಡುವ ಮಿಷನ್ ಇದೆ, ವಾರಕ್ಕೊಮ್ಮೆ ನೋಡಿ ಡೈರಿಯಲ್ಲಿ ಬರೆದಿಡುತ್ತೇನೆ. ಯುಗಾದಿ ಹೊಸತೊಡಕಿನ ಮಾರನೇ ದಿನ ಮಾತ್ರ ಅದನ್ನು ಮುಟ್ಟುವುದಿಲ್ಲ. ಮೂರು ದಿನ ಬಿಟ್ಟು ನೋಡುತ್ತೇನೆ.